ಓದುಗರ ಸ್ಪಂದನ: ನನ್ನ ಕೈಯಲ್ಲಿ ಉಂಡವರಿಗೆ ಇಲ್ಲಿ ವೋಟಿಲ್ಲ, ಆದರೂ ನಿಲ್ಲಲೇ?

ಸಮಸ್ಯೆ: ಧಾರವಾಡದ ಸಪ್ತಾಪುರದಲ್ಲಿ ಹನ್ನೆರಡು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ಕಾಲೇಜಿನವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೇ ನನ್ನ ಗಿರಾಕಿಗಳು. ಮುಂದಿನ ಪಾಲಿಕೆ ಚುನಾವಣೆಗೆ ಪಕ್ಷೇತರಳಾಗಿ ನಿಲ್ಲುವ ಆಸೆ. ಮನೆಯವರು, "ನಿನ್ನನ್ನು ಬಲ್ಲವರಿಗೆ ಇಲ್ಲಿ ವೋಟಿಲ್ಲ. ವೋಟಿದ್ದವರಿಗೆ ನಿನ್ನ ಖಾನಾವಳಿ ಕಂಡರೆ ಆಗುವುದಿಲ್ಲ" ಎನ್ನುತ್ತಾರೆ. ಏನು ಮಾಡಲಿ?

*

ಅಕ್ಕಾವ್ರೆ, ನಾನು ಬೇರೊಂದು ಊರಿನಲ್ಲಿ ಪಕ್ಷೇತರನಾಗಿ ನಿಂತು ಸೋತವನು. ನಮ್ಮ ವಾರ್ಡಿನಲ್ಲೂ ಕಾಲೇಜು, ಹಾಸ್ಟೆಲ್ ಜಾಸ್ತಿ. ದಿನವೂ ನಲವತ್ತು ಹುಡುಗರು ನನ್ನ ಜೊತೆ ತಿರುಗುತ್ತಿದ್ದರು. ಆ ಗುಂಪು ನೋಡಿ ಗೆದ್ದೇಬಿಟ್ಟೆ ಅಂದುಕೊಂಡೆ. ಮತದಾರರ ಪಟ್ಟಿ ಕೈಗೆ ಬಂದಾಗ ಅದರಲ್ಲಿ ಇದ್ದದ್ದು ಅವರ ಪೈಕಿ ಒಂಬತ್ತು ಜನರ ಹೆಸರು ಮಾತ್ರ. ಅದಕ್ಕೇ ಹೇಳುತ್ತೇನೆ, ಮೊದಲು ನಿಮ್ಮ ವಾರ್ಡಿನ ಪಟ್ಟಿ ತಂದು ಮನೆ ಮನೆ ಲೆಕ್ಕ ಹಾಕಿ ಓದಿ.

ಹುಡುಗರ ಹೆಸರು ಇಲ್ಲಿ ಸೇರಿಸಬಹುದು. 18 ತುಂಬಿ, ಹಾಸ್ಟೆಲ್ಲಿನಲ್ಲೋ ರೂಮಿನಲ್ಲೋ ಇದ್ದು ಓದುವವರಿಗೆ ಅದಕ್ಕೆ ಅವಕಾಶ ಇದೆ. ಹೊಸಬರಿಗೆ ಫಾರ್ಮ್ 6, ಊರಿನಿಂದ ಬದಲಾಯಿಸುವವರಿಗೆ ಫಾರ್ಮ್ 8. ಎರಡೂ ಕಡೆ ಹೆಸರು ಇರುವಂತಿಲ್ಲ. ಆದರೆ ಒತ್ತಾಯ ಮಾತ್ರ ಮಾಡಬೇಡಿ. ಹೆಚ್ಚಿನವರು ಹಳ್ಳಿಯ ಮಕ್ಕಳು. ಗ್ರಾಮ ಪಂಚಾಯಿತಿಯಲ್ಲಿ ಐದಾರು ವೋಟಿನಲ್ಲಿ ಸೋಲು-ಗೆಲುವು ಆಗುತ್ತದೆ. ಮಗನ ವೋಟು ಧಾರವಾಡಕ್ಕೆ ಹೋಯಿತು ಅಂದರೆ ಮನೆಯಲ್ಲಿ ಜಗಳವೇ. ಇಲ್ಲೇ ಬಹಳ ವರ್ಷ ಇರುವವರಿಗೆ ವಿಷಯ ತಿಳಿಸಿ, ಸಾಕು.

ಕಾಗದಪತ್ರ ಈಗಲೇ ಸರಿ ಮಾಡಿಕೊಳ್ಳಿ. ನಿಮಗೆ 21 ತುಂಬಿರಬೇಕು, ಪಾಲಿಕೆಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ತೆರಿಗೆ, ನೀರಿನ ಬಿಲ್ ಬಾಕಿ ಇಟ್ಟುಕೊಳ್ಳಬೇಡಿ. ಖಾನಾವಳಿಯ ಪರವಾನಗಿ ನವೀಕರಿಸಿಡಿ. ಎದುರಾಳಿಗಳು ಮೊದಲು ಹುಡುಕುವುದು ಅದನ್ನೇ. ನಮ್ಮ ರಾಜ್ಯದಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು, ಸಾಮಾನ್ಯ ವಾರ್ಡಿನಲ್ಲೂ ನೀವು ನಿಲ್ಲಬಹುದು. ಆದರೆ ಮೀಸಲಾತಿ ಪಟ್ಟಿ ಪ್ರತಿ ಸಲ ಬದಲಾಗುತ್ತದೆ. ನಾನು ಎರಡನೇ ಸಲ ಎಲ್ಲ ತಯಾರಿ ಮಾಡಿಕೊಂಡಿದ್ದೆ. ಪಟ್ಟಿ ಬಂತು, ನನ್ನ ವಾರ್ಡು ಬೇರೆ ವರ್ಗಕ್ಕೆ ಹೋಗಿತ್ತು. ಪಕ್ಕದ ಒಂದೆರಡು ವಾರ್ಡಿನ ಜನರ ಪರಿಚಯವೂ ಇರಲಿ.

ಪಕ್ಷೇತರರು ಗೆಲ್ಲುವುದೇ ಇಲ್ಲ ಅನ್ನುವವರಿಗೆ ಇದನ್ನು ಹೇಳಿ: 2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆಯ 82 ವಾರ್ಡುಗಳ ಪೈಕಿ 6 ಕಡೆ ಪಕ್ಷೇತರರು ಗೆದ್ದಿದ್ದಾರೆ.
– ಓದುಗ, ಗದಗ

*

ಖಾನಾವಳಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕಬೇಡಿ. ಚುನಾವಣೆಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಚಹಾದ ಖರ್ಚನ್ನೂ ಅದೇ ದಿನ ಬರೆದಿಡಿ, ಆಮೇಲೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಎರಡು ತಿಂಗಳು ಒಲೆ ನೋಡಿಕೊಳ್ಳುವವರು ಸಿಕ್ಕರೆ ಮಾತ್ರ ನಿಲ್ಲಿ.
– ಓದುಗ, ರಾಣೆಬೆನ್ನೂರು

*

ತಂಗಿ, ನಾನು ಇದೇ ಊರಿನ ನಿವೃತ್ತ ಶಿಕ್ಷಕಿ. ನೀನು ಹೇಳುವ ಆ ವೋಟಿದ್ದವರಲ್ಲಿ ನಾನೂ ಒಬ್ಬಳು. ನಮ್ಮ ಓಣಿಯಲ್ಲಿ ಎರಡು ಖಾನಾವಳಿ ಇವೆ. ರಾತ್ರಿ ಹತ್ತೂವರೆಗೂ ಗೇಟಿಗೆ ಅಡ್ಡ ಬೈಕ್ ನಿಲ್ಲಿಸಿರುತ್ತಾರೆ. ಅನ್ನ ಸೇರಿ ಗಟಾರ ಕಟ್ಟುತ್ತದೆ. ನಮಗೆ ಸಿಟ್ಟು ಬರುವುದು ಸುಮ್ನೆ ಅಲ್ಲ. ಒಬ್ಬಾಕೆ ಹೋದ ವರ್ಷ ಉಳಿದ ಅನ್ನಕ್ಕೆ ಒಂದು ಡ್ರಮ್ ಇಟ್ಟಳು. ಎಮ್ಮೆ ಸಾಕಿದವರು ಬಂದು ಒಯ್ಯುತ್ತಾರೆ. ಬೈಕ್ ಎಲ್ಲಿ ನಿಲ್ಲಿಸಬೇಕು ಅಂತ ತಾನೇ ಬಾಗಿಲಲ್ಲಿ ನಿಂತು ಹೇಳುತ್ತಾಳೆ. ಈಗ ಅವಳ ಮೇಲೆ ಯಾರ ತಕರಾರೂ ಇಲ್ಲ.

ಮತ್ತೆ, ಮನೆ ಮಾಲೀಕರು ಬೇರೆ ಹುಡುಗರು ಬೇರೆ ಅಂತ ಎಣಿಸಬೇಡ. 2020ರ ಲಾಕ್‌ಡೌನ್‌ನಲ್ಲಿ ಹುಡುಗರೆಲ್ಲ ಊರಿಗೆ ಹೋದಾಗ ಸಪ್ತಾಪುರ ಹೇಗಿತ್ತು, ನೀನೇ ನೋಡಿದ್ದೀಯಲ್ಲ. ಝೆರಾಕ್ಸ್ ಅಂಗಡಿ ಬಂದ್, ಚಹಾದಂಗಡಿ ಬಂದ್. ಮೇಲಿನ ಎರಡು ರೂಮಿನ ಬಾಡಿಗೆ ನಂಬಿದ್ದ ನನ್ನ ಗೆಳತಿ ಔಷಧಿಗೂ ಸಾಲ ಮಾಡಿದಳು. ವೋಟು ಕೇಳಲು ಹೋದಾಗ ಅಂಥ ಮನೆಗಳ ಕಟ್ಟೆಯ ಮೇಲೆ ಕುಳಿತು ಮಾತಾಡು. ನೀರು ಬರದಿದ್ದರೆ ಕೆಳಗಿನವರಿಗೂ ಇಲ್ಲ, ಮೇಲಿನವರಿಗೂ ಇಲ್ಲ. ಅಲ್ಲಿಂದಲೇ ಶುರು ಮಾಡಬಹುದು, ಅಲ್ವಾ?
– ಓದುಗರು, ಧಾರವಾಡ

*

ಅಕ್ಕಾ, ನಿಮ್ಮ ಖಾನಾವಳಿಯಲ್ಲಿ ಅಲ್ಲ, ಅದೇ ಭಾಗದ ಇನ್ನೊಂದರಲ್ಲಿ ಮೂರು ವರ್ಷ ಉಂಡವಳು ನಾನು. ಲೈಬ್ರರಿ ಮುಗಿಸಿ ರೂಮಿಗೆ ಬರುವ ದಾರಿಯಲ್ಲಿ ಒಂದು ತಿರುವಿನಲ್ಲಿ ದೀಪ ಇರಲಿಲ್ಲ. ನನ್ನ ವೋಟು ಊರಿನಲ್ಲಿತ್ತು. ಹಾಗಾಗಿ ದೀಪ ಕೇಳುವ ಹಕ್ಕೇ ನನಗಿಲ್ಲ ಅಂದುಕೊಂಡಿದ್ದೆ. ಖಾನಾವಳಿಯ ಅಕ್ಕನೇ ಕೈ ತೊಳೆದುಕೊಂಡು, ಟಾರ್ಚ್ ಹಿಡಿದು ಆ ತಿರುವಿನವರೆಗೆ ಬರುತ್ತಿದ್ದರು. ಅವರು ಚುನಾವಣೆಗೆ ನಿಲ್ಲುತ್ತೇನೆ ಅಂದಿದ್ದರೆ ನಾವೆಲ್ಲ ಎಷ್ಟು ಖುಷಿ ಪಡುತ್ತಿದ್ದೆವು!

ಈಗ ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ನನ್ನ ವೋಟು ಇವತ್ತಿಗೂ ಹಳ್ಳಿಯಲ್ಲೇ ಇದೆ. ಆದರೆ ನೀವು ನಿಂತರೆ ಒಂದು ವಾರ ರಜೆ ಹಾಕಿ ಬರುತ್ತೇನೆ. ಚೀಟಿ ಬರೆಯುತ್ತೇನೆ, ಮನೆ ಮನೆಗೆ ಬರುತ್ತೇನೆ, ಬೆಳಿಗ್ಗೆ ರೊಟ್ಟಿ ಬಡಿಯಲೂ ಕೂರುತ್ತೇನೆ.
– ಓದುಗರು, ಕುಷ್ಟಗಿ