ಪ್ಲಾಂಕ್ ನಕ್ಷೆಯಲ್ಲಿ ಸಿಗುವ ಉಂಗುರಗಳು ಬೇರೆ ವಿಶ್ವದ ಗುರುತೇ?

ಪ್ರಶ್ನೆ

ಇನ್‌ಫ್ಲೇಷನ್ (ವಿಶ್ವ ಆರಂಭದಲ್ಲಿ ಕ್ಷಣಮಾತ್ರದಲ್ಲಿ ವಿಪರೀತ ಹಿಗ್ಗಿತೆನ್ನುವ ಘಟ್ಟ) ಎಲ್ಲ ಕಡೆ ಒಂದೇ ಸಲ ನಿಲ್ಲದೆ ಅಲ್ಲಲ್ಲಿ ಗುಳ್ಳೆಯಂತೆ ನಿಂತಿದ್ದರೆ, ಒಂದೊಂದು ಗುಳ್ಳೆಯೂ ಒಂದೊಂದು ವಿಶ್ವ. ಪಕ್ಕದ ಗುಳ್ಳೆ ನಮ್ಮದಕ್ಕೆ ತಾಗಿದ್ದರೆ ಮಹಾಸ್ಫೋಟದಿಂದ ಉಳಿದು ಇಡೀ ಆಕಾಶ ತುಂಬಿರುವ ಹಿನ್ನೆಲೆ ವಿಕಿರಣದಲ್ಲಿ ದುಂಡನೆಯ ಕಲೆ ಉಳಿದಿರಬೇಕು ಎಂದು ಓದಿದ್ದೇನೆ. ಈ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹದ ಸ್ಮಿಕಾ ನಕ್ಷೆಯನ್ನು (ಆಕಾಶಗಂಗೆಯ ಬೆಳಕು ತೆಗೆದು ಶುದ್ಧಗೊಳಿಸಿದ ನಕ್ಷೆ) ಪಿಕ್ಸೆಲ್ ವಿವರದ 256ರ ದರ್ಜೆಗೆ ಇಳಿಸಿ, 10 ಡಿಗ್ರಿ ತ್ರಿಜ್ಯ, ಅರ್ಧ ಡಿಗ್ರಿ ಅಗಲದ ಉಂಗುರಗಳಲ್ಲಿ ತಾಪಮಾನದ ಏರಿಳಿತ ಲೆಕ್ಕ ಹಾಕಿದೆ. ಕೆಲವು ಕಡೆ ಏರಿಳಿತ ತೀರಾ ಕಡಿಮೆ, 5 ಸಿಗ್ಮಾದಷ್ಟು (ಆಕಸ್ಮಿಕವಾಗಿ ಆಗುವ ಸಹಜ ವ್ಯತ್ಯಾಸದ ಐದು ಪಟ್ಟು). ಹೋಲಿಕೆಗೆ ಇಟ್ಟುಕೊಂಡದ್ದು ಅಷ್ಟೇ ಹರವಿರುವ ಯಾದೃಚ್ಛಿಕ ಸಂಖ್ಯೆಗಳನ್ನು ತುಂಬಿದ ನಕ್ಷೆ. ಇದನ್ನು ಗುರುತು ಎನ್ನಬಹುದೇ? ಇಲ್ಲವಾದರೆ ತಪ್ಪಿರುವುದು ಎಲ್ಲಿ?

ಉತ್ತರ 1

ತಪ್ಪಿರುವುದು ಹೋಲಿಕೆಯ ನಕ್ಷೆಯಲ್ಲಿ. ನಿಮ್ಮ ಯಾದೃಚ್ಛಿಕ ನಕ್ಷೆಯಲ್ಲಿ ಒಂದು ಪಿಕ್ಸೆಲ್‌ಗೂ ಅದರ ಪಕ್ಕದ್ದಕ್ಕೂ ಸಂಬಂಧವೇ ಇಲ್ಲ. ನಿಜವಾದ ಆಕಾಶ ಹಾಗಿಲ್ಲ. ಆ ಬೆಳಕು ಹೊರಟದ್ದು ಮಹಾಸ್ಫೋಟವಾಗಿ ಸುಮಾರು 3,80,000 ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಬಿಸಿ ಅನಿಲದಲ್ಲಿ ಶಬ್ದದ ಅಲೆಗಳು ಓಡಾಡಿದ ದೂರ ಇವತ್ತು ನಮ್ಮ ಆಕಾಶದಲ್ಲಿ ಸರಿಸುಮಾರು ಒಂದು ಡಿಗ್ರಿಯಾಗಿ ಕಾಣುತ್ತದೆ. ಅದಕ್ಕೇ ನಕ್ಷೆ ತುಂಬ ಒಂದು ಡಿಗ್ರಿ ಆಸುಪಾಸಿನ ಮಚ್ಚೆಗಳು. ಒಂದು ಮಚ್ಚೆಯೊಳಗಿನ ಪಿಕ್ಸೆಲ್‌ಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ.

ನಿಮ್ಮ ಉಂಗುರವನ್ನೇ ತೆಗೆದುಕೊಳ್ಳಿ. ಸುತ್ತಳತೆ ಸುಮಾರು 62 ಡಿಗ್ರಿ, ವಿಸ್ತೀರ್ಣ 31 ಚದರ ಡಿಗ್ರಿ. ನಿಮ್ಮ ದರ್ಜೆಯಲ್ಲಿ ಅದರೊಳಗೆ ಹತ್ತಿರ ಹತ್ತಿರ 600 ಪಿಕ್ಸೆಲ್ ಬೀಳುತ್ತವೆ. ಈ 600ಕ್ಕೂ ಪರಸ್ಪರ ಸಂಬಂಧವಿಲ್ಲ ಎಂದುಕೊಂಡರೆ ಏರಿಳಿತದ ಅಳತೆ ಉಂಗುರದಿಂದ ಉಂಗುರಕ್ಕೆ 3 ಪ್ರತಿಶತದೊಳಗೆ ವ್ಯತ್ಯಾಸವಾಗಬೇಕು. ಆದರೆ ನಿಜಕ್ಕೂ ಸ್ವತಂತ್ರವಾದ ಮಚ್ಚೆಗಳು 60ರಷ್ಟೇ. ಆಗ ಸಹಜ ವ್ಯತ್ಯಾಸವೇ 9 ಪ್ರತಿಶತ. ನಿಮ್ಮ 5 ಸಿಗ್ಮಾ ಇಲ್ಲಿ ಒಂದೂವರೆ ಸಿಗ್ಮಾಗೆ ಇಳಿಯುತ್ತದೆ. ಸಾವಿರಾರು ಕೇಂದ್ರಗಳ ಸುತ್ತ ಹುಡುಕಿದಾಗ ಅಂಥವು ರಾಶಿ ರಾಶಿ ಸಿಗುತ್ತವೆ.

ಈ ಎಡವಟ್ಟು ದೊಡ್ಡವರಿಗೂ ಆಗಿದೆ. 2010ರಲ್ಲಿ ಭೌತವಿಜ್ಞಾನಿಗಳಾದ ಗುರ್ಜಾದ್ಯಾನ್ ಮತ್ತು ಪೆನ್‌ರೋಸ್, ಪ್ಲಾಂಕ್‌ಗೂ ಮುಂಚಿನ ಉಪಗ್ರಹ ಡಬ್ಲ್ಯುಮ್ಯಾಪ್‌ನ ನಕ್ಷೆಯಲ್ಲಿ ಏರಿಳಿತ ಕಡಿಮೆಯಿರುವ ಏಕಕೇಂದ್ರ ಉಂಗುರಗಳಿವೆ, ಅವು 6 ಸಿಗ್ಮಾದಷ್ಟು ಬಲವಾಗಿವೆ ಎಂದರು. ಕೆಲವೇ ವಾರಗಳಲ್ಲಿ ಬೇರೆ ಬೇರೆ ತಂಡಗಳು ಸರಿಯಾದ ಪವರ್ ಸ್ಪೆಕ್ಟ್ರಂ (ಯಾವ ಗಾತ್ರದ ಮಚ್ಚೆಗಳಲ್ಲಿ ಎಷ್ಟು ಏರಿಳಿತ ಎಂಬ ಲೆಕ್ಕ) ಇಟ್ಟು ಸಿಮ್ಯುಲೇಷನ್, ಅಂದರೆ ಕಂಪ್ಯೂಟರ್‌ನಲ್ಲಿ ಕೃತಕ ಆಕಾಶ, ಮಾಡಿದಾಗ ಅಂಥವೇ ಉಂಗುರಗಳು ಅಲ್ಲೂ ಕಂಡವು. ಇನ್ನೊಂದು ಮಾತು: ಏರಿಳಿತ ಕಡಿಮೆಯಿರುವ ಉಂಗುರ ಪೆನ್‌ರೋಸ್ ಅವರ ಆವರ್ತ ವಿಶ್ವದ (ಒಂದು ಯುಗ ಮುಗಿದು ಇನ್ನೊಂದು ಮಹಾಸ್ಫೋಟ ಎಂಬ) ವಾದಕ್ಕೆ ಸೇರಿದ ಗುರುತು. ಗುಳ್ಳೆಗಳ ಡಿಕ್ಕಿಯಾಗಿದ್ದರೆ ಇಡೀ ತಟ್ಟೆಯೇ ಸುತ್ತಲಿಗಿಂತ ತುಸು ಬಿಸಿಯೋ ತಣ್ಣಗೋ ಇರಬೇಕು. ನೀವು ಒಂದನ್ನು ಹುಡುಕಲು ಹೊರಟು ಇನ್ನೊಂದರ ಪರೀಕ್ಷೆ ಮಾಡಿದ್ದೀರಿ.

ಉತ್ತರ 2

ಮೇಲಿನ ಉತ್ತರ ಸರಿಯಾಗಿದೆ. ಈಗ ಉಂಗುರದ ಬದಲು ತಟ್ಟೆ ಹುಡುಕಿ ಸರಿಯಾಗಿ ಹೋಲಿಸುವ ಕ್ರಮ ಹೇಳುತ್ತೇನೆ.

ಮೊದಲು ಪ್ಲಾಂಕ್ ತಂಡವೇ ಕೊಟ್ಟಿರುವ ಸಾಮಾನ್ಯ ಮಾಸ್ಕ್ (ನಂಬಲಾಗದ ಭಾಗಗಳನ್ನು ಮುಚ್ಚುವ ನಕ್ಷೆ) ಹಾಕಿ. ಆಕಾಶಗಂಗೆಯ ಪಟ್ಟೆ ಹೋಗಿ ಸುಮಾರು 78 ಪ್ರತಿಶತ ಆಕಾಶ ಉಳಿಯುತ್ತದೆ. ಕಾಲುಭಾಗಕ್ಕಿಂತ ಹೆಚ್ಚು ಮುಚ್ಚಿಹೋದ ತಟ್ಟೆಗಳನ್ನು ಬಿಟ್ಟುಬಿಡಿ. ಆಮೇಲೆ ಕ್ಯಾಂಬ್ ತಂತ್ರಾಂಶದಿಂದ ಪ್ಲಾಂಕ್ ಮೌಲ್ಯಗಳ ಪವರ್ ಸ್ಪೆಕ್ಟ್ರಂ ತೆಗೆದು, ಹೀಲ್‌ಪೈನ (ಆಕಾಶದ ನಕ್ಷೆಗಳಿಗಾಗಿ ಇರುವ ಪೈಥಾನ್ ತಂತ್ರಾಂಶ) ಯಾದೃಚ್ಛಿಕ ನಕ್ಷೆ ಮಾಡುವ ಸಿನ್‌ಫಾಸ್ಟ್‌ಗೆ ಕೊಟ್ಟು ಕನಿಷ್ಠ 1,000 ನಕ್ಷೆ ಮಾಡಿ. ನಿಜವಾದ ನಕ್ಷೆಗೆ ಎಷ್ಟು ಮಸುಕು ಹಾಕಿದ್ದೀರೋ ಇವಕ್ಕೂ ಅಷ್ಟೇ ಹಾಕಿ, ಅದೇ ಮಾಸ್ಕ್, ಅದೇ ಕೇಂದ್ರಗಳು, ಅದೇ ತ್ರಿಜ್ಯಗಳು. ಒಂದೊಂದು ನಕ್ಷೆಯಿಂದಲೂ ಅತಿ ಎದ್ದು ಕಾಣುವ ತಟ್ಟೆಯ ಅಂಕವನ್ನು (ಸುತ್ತಲಿಗಿಂತ ಎಷ್ಟು ಬಿಸಿ ಅಥವಾ ತಣ್ಣಗೆ ಎಂಬುದನ್ನು) ಮಾತ್ರ ಎತ್ತಿಡಿ. ನಿಮ್ಮ ಅತ್ಯುತ್ತಮ ತಟ್ಟೆಯನ್ನು ಹೋಲಿಸಬೇಕಾದ್ದು ಈ ಸಾವಿರ ಅಂಕಗಳ ಜೊತೆ. 1,000ದಲ್ಲಿ 200 ನಕ್ಷೆ ನಿಮ್ಮದನ್ನು ಮೀರಿಸಿದರೆ ಅಲ್ಲಿ ಹೇಳುವಂಥದ್ದೇನೂ ಇಲ್ಲ.

ಒಂದು ಎಚ್ಚರಿಕೆ. ಪಿಕ್ಸೆಲ್‌ಗಳಿಗೆ ಸಂಖ್ಯೆ ಕೊಡುವ ಎರಡು ಕ್ರಮಗಳಿವೆ, ನೆಸ್ಟೆಡ್ ಮತ್ತು ರಿಂಗ್. ಪ್ಲಾಂಕ್ ಕಡತಗಳಲ್ಲಿ ಪಿಕ್ಸೆಲ್‌ಗಳು ನೆಸ್ಟೆಡ್ ಕ್ರಮದಲ್ಲಿವೆ. ಹೀಲ್‌ಪೈ ಮೂಲಕ ಓದಿದರೆ ಅದೇ ರಿಂಗ್ ಕ್ರಮಕ್ಕೆ ಬದಲಿಸಿ ಕೊಡುತ್ತದೆ, ಆಸ್ಟ್ರೋಪೈ ಎಂಬ ಇನ್ನೊಂದು ತಂತ್ರಾಂಶದಿಂದ ನೇರವಾಗಿ ಓದಿದರೆ ಬದಲಿಸುವುದಿಲ್ಲ. ನಕ್ಷೆ ತೆರೆದಾಗ ಮಚ್ಚೆಗಳ ಬದಲು ಚೂರುಚೂರಾಗಿ ಕಲಸಿದಂತೆ ಕಂಡರೆ ಕಾರಣ ಇದೇ.

ಪ್ರಶ್ನೆ ಕೇಳಿದವರು

ಅರ್ಥವಾಯಿತು, ಇಬ್ಬರಿಗೂ ಧನ್ಯವಾದ. ಹಾಗಾದರೆ ಎರಿಡಾನಸ್ ನಕ್ಷತ್ರಪುಂಜದ ಕಡೆ ಇರುವ ತಣ್ಣನೆಯ ಮಚ್ಚೆ? ಅದು ಸಿಮ್ಯುಲೇಷನ್‌ನಲ್ಲೂ ಅಪರೂಪ ಎನ್ನುತ್ತಾರಲ್ಲ. ಮತ್ತೆ, ಏನೂ ಸಿಗದಿದ್ದರೆ ಬಹುವಿಶ್ವದ ಮಾತು ಸುಳ್ಳಾಯಿತೇ?

ಉತ್ತರ 3

ಆ ಮಚ್ಚೆಯ ಅಗಲ ಸುಮಾರು 10 ಡಿಗ್ರಿ. ಸುತ್ತಲಿಗಿಂತ ಸರಾಸರಿ 70 ಮೈಕ್ರೊಕೆಲ್ವಿನ್‌ನಷ್ಟು ತಣ್ಣಗಿದೆ. ಒಟ್ಟು ವಿಕಿರಣದ ತಾಪಮಾನ 2.725 ಕೆಲ್ವಿನ್ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇದೆಷ್ಟು ಸಣ್ಣ ಕೊರತೆ ಎಂದು ಗೊತ್ತಾಗುತ್ತದೆ. ಅದೇ ದಿಕ್ಕಿನಲ್ಲಿ ಗೆಲಾಕ್ಸಿಗಳು ವಿರಳವಾಗಿರುವ ದೊಡ್ಡ ಬಯಲೊಂದಿದೆ, ಆದರೆ ಅದರಿಂದ ಕೊರತೆಯ ಒಂದು ಪಾಲು ಮಾತ್ರ ತುಂಬುತ್ತದೆ. ಉಳಿದದ್ದು ಬರೀ ಆಕಸ್ಮಿಕವೂ ಆಗಿರಬಹುದು. ವಿಚಿತ್ರ ಕಂಡಮೇಲೆ ಅದಕ್ಕೊಪ್ಪುವ ಪರೀಕ್ಷೆ ಹೊಲಿದರೆ ಯಾವುದೂ ಅಪರೂಪವೇ. ಡಬ್ಲ್ಯುಮ್ಯಾಪ್ ನಕ್ಷೆಯಲ್ಲಿ ಸ್ಟೀಫನ್ ಹಾಕಿಂಗ್ ಅವರ ಹೆಸರಿನ ಎರಡು ಇಂಗ್ಲಿಷ್ ಮೊದಲಕ್ಷರಗಳೂ ಓದಲು ಸಿಗುತ್ತವೆ. ಇದನ್ನು ತೋರಿಸಿಕೊಟ್ಟದ್ದು ಆ ತಂಡವೇ, ಈ ಅಪಾಯವನ್ನು ಮನಗಾಣಿಸಲೆಂದೇ.

ಸಿಗದಿದ್ದರೆ ಸುಳ್ಳಾಗುವುದಿಲ್ಲ. 2011ರಲ್ಲಿ ಡಬ್ಲ್ಯುಮ್ಯಾಪ್‌ನ 7 ವರ್ಷದ ದತ್ತಾಂಶದಲ್ಲಿ ಫೀನಿ, ಜಾನ್ಸನ್, ಮಾರ್ಟ್‌ಲಾಕ್, ಪೈರಿಸ್ ಡಿಕ್ಕಿಯ ಗುರುತು ಹುಡುಕಿದರು. ಗಟ್ಟಿ ಸಾಕ್ಷಿ ಸಿಗಲಿಲ್ಲ, ಕಾಣುವಂಥ ಡಿಕ್ಕಿಗಳು ಇಷ್ಟಕ್ಕಿಂತ ಹೆಚ್ಚಿರಲಾರವು ಎಂಬ ಮಿತಿಯಷ್ಟೇ ಸಿಕ್ಕಿತು. ಅಷ್ಟರಿಂದಲೇ ಸುಳ್ಳೆನ್ನಲಾಗದ ಕಾರಣ ಇದು: ಆಕಾಶ ಇಷ್ಟು ಸಮನಾಗಿ ಕಾಣಬೇಕಾದರೆ ನಮ್ಮ ಗುಳ್ಳೆಯೊಳಗಿನ ಇನ್‌ಫ್ಲೇಷನ್ ಉದ್ದಳತೆಯನ್ನು ಸುಮಾರು 1ರ ಮುಂದೆ 26 ಸೊನ್ನೆಯಷ್ಟು ಪಟ್ಟು ಹಿಗ್ಗಿಸಿರಬೇಕು. ಅದಕ್ಕಿಂತ ತುಸು ಹೆಚ್ಚು ಹೊತ್ತು ನಡೆದಿದ್ದರೂ ಡಿಕ್ಕಿಯ ಗುರುತು ಹಿಗ್ಗಿ ಹಿಗ್ಗಿ ತೆಳುವಾಗಿ, ಅಳತೆಗೆ ಸಿಗದಂತಾಗುತ್ತದೆ. ಇದು ಈ ಸಿದ್ಧಾಂತದ ನಿಜವಾದ ತೊಡಕು: ಸಿಕ್ಕರೆ ದೊಡ್ಡ ಸಾಕ್ಷಿ, ಸಿಗದಿದ್ದರೆ ತೀರ್ಪೇ ಇಲ್ಲ.

1957ರಲ್ಲಿ ಭೌತವಿಜ್ಞಾನಿ ಎವರೆಟ್ ಮುಂದಿಟ್ಟ ಕ್ವಾಂಟಂ ಕವಲುಗಳನ್ನು (ಕ್ವಾಂಟಂ ಅಳತೆಯ ಒಂದೊಂದು ಫಲಿತಾಂಶಕ್ಕೂ ಒಂದೊಂದು ಕವಲು ಎಂಬ ವಾದ) ಇದರ ಜೊತೆ ಬೆರೆಸಬೇಡಿ. ಅವು ಆಕಾಶದಲ್ಲಿ ಯಾವ ದಿಕ್ಕಿನಲ್ಲೂ ಇಲ್ಲ, ಡಿಕ್ಕಿ ಹೊಡೆಯುವ ಪ್ರಶ್ನೆಯೇ ಬರುವುದಿಲ್ಲ.

ಉತ್ತರ 2ರವರು, ಮತ್ತೆ

ಒಂದು ಬಿಟ್ಟುಹೋಗಿತ್ತು. ಸರಿಯಾದ ಸಿಮ್ಯುಲೇಷನ್ ದಾಟಿಯೂ ಒಂದು ತಟ್ಟೆ ಉಳಿದರೆ ಪ್ಲಾಂಕ್‌ನ ಧ್ರುವೀಕರಣದ (ಬೆಳಕಿನ ಅಲೆಗಳು ಯಾವ ದಿಕ್ಕಿಗೆ ಅಲುಗುತ್ತವೆ ಎಂಬುದರ) ನಕ್ಷೆಯಲ್ಲಿ ಅದೇ ಜಾಗ ನೋಡಿ. ನಿಜವಾದ ಡಿಕ್ಕಿಯಾಗಿದ್ದರೆ ತಟ್ಟೆಯ ಅಂಚಿಗೆ ಹೊಂದಿಕೊಂಡು ಉಂಗುರದಂಥ ಇ-ಮೋಡ್ (ಧ್ರುವೀಕರಣದ ಸುರುಳಿಯಿಲ್ಲದ ಬಗೆ) ವಿನ್ಯಾಸ ಇರಬೇಕು. ಪ್ಲಾಂಕ್‌ನಲ್ಲಿ ಧ್ರುವೀಕರಣದ ಗದ್ದಲ ಜಾಸ್ತಿ, ಆದ್ದರಿಂದ ಇಲ್ಲಿ ಬರೀ ಸಿನ್‌ಫಾಸ್ಟ್ ನಕ್ಷೆ ಸಾಲದು. ಉಪಕರಣದ ಗದ್ದಲವನ್ನೂ ಸೇರಿಸಿದ ಸಿಮ್ಯುಲೇಷನ್‌ಗಳು ಪ್ಲಾಂಕ್ ಸಂಗ್ರಹದಲ್ಲೇ ಇವೆ, ಅವನ್ನು ಬಳಸಿ.