1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬೆಂಗ್ಳೂರಲ್ಲಿ ಮೈಲೇಜ್ 12 ಕೂಡ ದಾಟ್ತಿಲ್ಲ, ಗಾಡಿಲೇನಾದ್ರೂ ತೊಂದ್ರೆ ಇದ್ಯಾ?

ಕಲ್ಪತರುನಾಡು:
ಎಲ್ರಿಗೂ ನಮಸ್ಕಾರ. ಕಾರ್ ತಗೊಂಡು 14 ತಿಂಗಳಾಯ್ತು, 11 ಸಾವಿರ ಕಿಮೀ ಓಡಿದೆ, ಚಿಕ್ಕ ಹ್ಯಾಚ್‌ಬ್ಯಾಕ್, 1.2 ಲೀಟರ್ ಪೆಟ್ರೋಲ್ ಇಂಜಿನ್, ಮ್ಯಾನ್ಯುವಲ್ ಗೇರ್. ಕಂಪನಿ ಹೇಳೋ ಮೈಲೇಜ್ ಲೀಟರಿಗೆ 23 ಚಿಲ್ಲರೆ ಕಿಮೀ, ನನಗೆ ಬರ್ತಿರೋದು 11.8. ವಿಜಯನಗರದಿಂದ ಬೆಳ್ಳಂದೂರಿಗೆ ಆಫೀಸು, ಒಂದ್ಕಡೆಗೆ 21 ಕಿಮೀ, ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ರೆ ಸಿಲ್ಕ್ ಬೋರ್ಡ್ ದಾಟಿ ಸೇರೋಷ್ಟರಲ್ಲಿ ಒಂದೂವರೆ ಗಂಟೆ ಆಗುತ್ತೆ, ಸಾಯಂಕಾಲಾನೂ ಅಷ್ಟೇ. ಎಸಿ ಯಾವಾಗ್ಲೂ ಆನ್, ಧೂಳಿಗೆ ಗ್ಲಾಸ್ ಇಳಿಸೋಕಾಗಲ್ಲ. ಸಿಗ್ನಲ್‌ನಲ್ಲಿ ಇಂಜಿನ್ ತಾನಾಗೇ ಆಫ್ ಆಗೋ ಸಿಸ್ಟಮ್ ಇದೆ, ಆದ್ರೆ ಆಗ ಎಸಿ ತಣ್ಣಗೆ ಬರಲ್ಲ ಅಂತ ಅದನ್ನ ಆಫ್ ಮಾಡಿಟ್ಟಿದೀನಿ.

ಸರ್ವೀಸ್‌ಗೆ ಬಿಟ್ಟಾಗ ಕೇಳ್ದೆ, ಎಲ್ಲಾ ಸರಿ ಇದೆ ಸಾರ್, ನೀವು ಓಡಿಸೋ ರೀತಿ ಅಂದ್ರು ಅಷ್ಟೇ. ಅಪ್ಪ ಊರಿಂದ ಫೋನ್ ಮಾಡಿದಾಗೆಲ್ಲ ಎಷ್ಟು ಕೊಡ್ತಿದೆಯಪ್ಪಾ ಗಾಡಿ ಅಂತ ಕೇಳ್ತಾರೆ, ಅವರ ಹಳೇ ಕಾರು ತಿಪಟೂರು ಅರಸೀಕೆರೆ ಅಂತ ಓಡಾಡ್ಕೊಂಡು 17 ಕೊಡ್ತಿತ್ತು, ಹೊಸ ಗಾಡಿ 12 ಅಂದ್ರೆ ಅವರಿಗೆ ನಂಬೋಕೇ ಆಗ್ತಿಲ್ಲ, ಮೋಸ ಹೋದ್ವೇನೋ ಅಂತಿದಾರೆ. ತಿಂಗಳಿಗೆ ಪೆಟ್ರೋಲಿಗೇ ಎಂಟು ಸಾವಿರ ಹೋಗ್ತಿದೆ. ಇದು ಗಾಡಿ ಸಮಸ್ಯೆನಾ ಅಥವಾ ಎಲ್ರಿಗೂ ಹಿಂಗೇ ಬರ್ತಿದ್ಯಾ, ಗೊತ್ತಿರೋರು ಹೇಳಿ.

ಫುಲ್‌ಟ್ಯಾಂಕ್:
ಮೊದ್ಲು ಒಂದು ಕೇಳ್ತೀನಿ, 11.8 ಅನ್ನೋದು ಎಲ್ಲಿಂದ ಬಂತು, ಮೀಟರ್ ಡಿಸ್‌ಪ್ಲೇ ನೋಡಿದ್ದಾ ಇಲ್ಲ ಬಂಕಲ್ಲಿ ಲೆಕ್ಕ ಹಾಕಿದ್ದಾ? ಡಿಸ್‌ಪ್ಲೇ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿನೇ ತೋರಿಸುತ್ತೆ. ಒಂದೇ ಬಂಕಿಗೆ ಹೋಗಿ, ಆದಷ್ಟೂ ಅದೇ ಪಂಪಿಗೆ, ನಾಝಲ್ ತಾನಾಗಿ ಕಟ್ ಆದ ತಕ್ಷಣ ನಿಲ್ಲಿಸಿ ಅಂತ ಹೇಳಿ, ರೌಂಡ್ ಫಿಗರ್‌ಗೋಸ್ಕರ ಮೇಲೆ ಹಾಕಿಸಬೇಡಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕಮ್ಮಿ ಅಂದ್ರೂ 300 ಕಿಮೀ ಓಡಿಸಿ, ಮತ್ತೆ ಅಲ್ಲೇ ಹಾಗೇ ತುಂಬಿಸಿ. ಓಡಿದ ಕಿಮೀನ ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿದ್ರೆ ಬರೋದೇ ನಿಜವಾದ ಮೈಲೇಜ್. ಐನೂರು ರೂಪಾಯಿದು ಹಾಕ್ಸಿ ಮುಳ್ಳು ನೋಡ್ಕೊಂಡು ಲೆಕ್ಕ ಹಾಕೋದು ಲೆಕ್ಕನೇ ಅಲ್ಲ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ನನ್ನ ಪ್ರಕಾರ ನಿಮ್ಮ ಗಾಡಿ ಸರಿಯಾಗೇ ಇದೆ. ಬೆಂಗ್ಳೂರಲ್ಲಿ ಮೈಲೇಜ್‌ನ ದೂರದಲ್ಲಿ ಯೋಚಿಸೋದೇ ತಪ್ಪು, ಗಂಟೆಲಿ ಯೋಚಿಸಬೇಕು. ಇಂಥ ಇಂಜಿನ್ ಎಸಿ ಹಾಕ್ಕೊಂಡು ನಿಂತಲ್ಲೇ ನಿಂತಿದ್ರೂ ಗಂಟೆಗೆ ಹತ್ತತ್ರ ಒಂದು ಲೀಟರ್ ಕುಡಿಯುತ್ತೆ. ಒಂದೂವರೆ ಗಂಟೆಲಿ ನೀವು ಪೂರ್ತಿ ನಿಂತಿರೋದು 40 ನಿಮಿಷ ಅಂತಿಟ್ಕೊಳ್ಳಿ, ಸಿಲ್ಕ್ ಬೋರ್ಡ್ ಒಂದೇ ಅದ್ರಲ್ಲಿ ಕಾಲು ಭಾಗ ತಿನ್ನುತ್ತೆ, ಅಲ್ಲಿಗೆ 0.65 ಲೀಟರ್ ಒಂದು ಮೀಟರ್ ಕೂಡ ಮುಂದೆ ಹೋಗದೆ ಖರ್ಚಾಯ್ತು. ಉಳಿದ 50 ನಿಮಿಷದಲ್ಲಿ 21 ಕಿಮೀ ಓಡ್ತೀರ, ಅದಕ್ಕೆ 18 ಕೊಟ್ರೂ 1.17 ಲೀಟರ್. ಎರಡೂ ಸೇರಿ 1.82, ಅಂದ್ರೆ 11.5. ನಿಮಗೆ ಬರ್ತಿರೋದು 11.8. ಗಾಡಿ ಓಡುವಾಗ 18 ಕೊಡ್ತಿದೆ, ನಿಂತಾಗ ಸೊನ್ನೆ ಕೊಡ್ತಿದೆ, ಅಷ್ಟೇ ವ್ಯತ್ಯಾಸ. ಅದಕ್ಕೇ ಆ ಸ್ಟಾರ್ಟ್ ಸ್ಟಾಪ್ ಸಿಸ್ಟಮ್‌ನ ದಯವಿಟ್ಟು ಆನ್ ಇಡಿ, ಉದ್ದ ಸಿಗ್ನಲ್‌ನಲ್ಲಿ ಎರಡು ನಿಮಿಷ ಎಸಿ ಕಮ್ಮಿ ಆದ್ರೆ ಏನೂ ಆಗಲ್ಲ.

ಕಂಪನಿ ಹೇಳೋ 23 ಸುಳ್ಳಲ್ಲ, ಆದ್ರೆ ಅದು ಲ್ಯಾಬಿನ ನಂಬರ್. ಗಾಡಿನ ರೋಲರ್ ಮೇಲೆ ನಿಲ್ಲಿಸಿ ಎಸಿ ಆಫ್ ಮಾಡಿ ಸುಮಾರು 20 ನಿಮಿಷ ಒಂದೇ ಥರದ ಪ್ಯಾಟರ್ನ್‌ನಲ್ಲಿ ಓಡಿಸ್ತಾರೆ, ಸ್ಪೀಡ್ 90 ದಾಟಲ್ಲ, ಸರಾಸರಿ 30 ಚಿಲ್ಲರೆ. ನಿಮ್ಮ ಸರಾಸರಿ ಗಂಟೆಗೆ 14 ಕಿಮೀ. ಎರಡು ಗಾಡಿನ ಹೋಲಿಸೋಕೆ ಆ ನಂಬರ್ ಆಗುತ್ತೆ, ತಿಂಗಳ ಖರ್ಚಿಗೆ ಆಗಲ್ಲ. ಅಪ್ಪಾಜಿಗೂ ಇದೇ ಹೇಳಿ, ಅವರ 17 ಬಂದಿದ್ದು ಖಾಲಿ ರೋಡಲ್ಲಿ 50-60ರಲ್ಲಿ ಟಾಪ್ ಗೇರಲ್ಲಿ ಹೋಗಿದ್ದಕ್ಕೆ.

ಹುಬ್ಳಿ_ಚಕ್ರ:
ರೀ ಸರ್, ಟಾಯರಿನ್ಯಾಗ ಗಾಳಿ ಎಷ್ಟೈತಿ ನೋಡೀರೇನು? ನಾವು ಯಾರೂ ಅದನ್ನ ನೋಡೂದೇ ಇಲ್ಲ. ಡ್ರೈವರ್ ಬಾಗಲದ ಹತ್ರ ಸ್ಟಿಕರ್ ಇರತೈತಿ, ಅದರಾಗ ಬರದಷ್ಟು ಇರಬೇಕು, ಬೆಳಿಗ್ಗೆ ಟಾಯರ್ ತಣ್ಣಗಿದ್ದಾಗ ಚೆಕ್ ಮಾಡಸ್ರಿ, ಓಡಿಸಿ ಹೋಗಿ ಬಂಕಿನ್ಯಾಗ ನೋಡಿದ್ರ ಬಿಸಿಗೆ ಜಾಸ್ತಿ ತೋರಸತೈತಿ. ಇನ್ನೊಂದು, ಹತ್ತು ಹದಿನೈದು ಕಿಮೀ ಓಡಿಸಿ ನಿಲ್ಲಿಸಿ ನಾಕೂ ಗಾಲಿ ಹತ್ರ ಕೈ ಹಿಡದು ನೋಡ್ರಿ, ಮುಟ್ಟಬ್ಯಾಡ್ರಿ ಸುಟ್ಟೀತು, ಎಡ ಬಲ ಸರಿಸಮ ಬಿಸಿ ಇರಬೇಕು. ಒಂದು ಗಾಲಿ ಮಾತ್ರ ಕಾದಿದ್ರ ಬ್ರೇಕ್ ಹಿಡಕೊಂಡೈತಿ ಅಂತ ತಿಳಕೋರಿ. ನಮ್ಮ ತಮ್ಮನ ಗಾಡಿ ಹಂಗ ಆಗಿತ್ತು, ಮೂರ್ನಾಕು ಕಿಮೀ ಮೈಲೇಜ್ ಬಿದ್ದಿತ್ತು, ಬ್ರೇಕ್ ಬಿಚ್ಚಿ ಸ್ವಚ್ಛ ಮಾಡಿದಮ್ಯಾಲ ಸರಿ ಆತು.

ನಂದು ವ್ಯಾಗನ್‌ಆರ್ ಸಿಎನ್‌ಜಿ ಐತ್ರಿ, ಕಂಪನಿ ಲೆಕ್ಕ ಕೆಜಿಗೆ 34.05, ನನಗ ಹುಬ್ಳಿ ಧಾರವಾಡ ಅಡ್ಡಾಡಿ 27-28 ಬರತೈತಿ, ನನಗ ಸಾಕು. ಡಿಕ್ಕ್ಯಾಗ ಸಿಲಿಂಡರ್ ಕುಂತಿರೂದ್ರಿಂದ ಲಗೇಜಿಗೆ ಜಾಗಾ ಇಲ್ಲ ಅಷ್ಟ.

ಉಪ್ಪಿನಂಗಡಿ_ಡ್ರೈವ್:
ಇನ್ನೊಂದು ವಿಷಯ ಯಾರೂ ಹೇಳ್ಲಿಲ್ಲ, ಪೆಟ್ರೋಲೇ ಬದಲಾಗಿದೆ ಅಲ್ವಾ. ಈಗ ಬಂಕಲ್ಲಿ ಸಿಗುದು 20 ಪರ್ಸೆಂಟ್ ಎಥನಾಲ್ ಇರುವ ಇ20. ಎಥನಾಲಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದ್ರೆ ಇ20ಯಲ್ಲಿ ಆರೇಳು ಪರ್ಸೆಂಟ್ ಕಡಿಮೆ ಆಯ್ತು. 2023ರ ಏಪ್ರಿಲ್ ನಂತರದ ಗಾಡಿಗಳು ಇ20ಗೆ ತಯಾರಾಗಿಯೇ ಬಂದದ್ದು, ಇಂಜಿನಿಗೆ ಹೆದರ್ಬೇಕಾಗಿಲ್ಲ, ಆದ್ರೆ ನಿಮ್ಮ ಅಪ್ಪನ 17 ಬೇರೆ ಪೆಟ್ರೋಲಿನ 17 ಅಂತ ನೆನಪಿರ್ಲಿ.

ನಾನು ತಿಂಗಳಿಗೆ ಎರಡು ಸರ್ತಿ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಹೋಗ್ತೇನೆ, ನಂದೂ ಚಿಕ್ಕ 1.2 ಗಾಡಿಯೇ. ಹತ್ತುವಾಗ 14, ಇಳಿಯುವಾಗ 24ರವರೆಗೂ ಬರ್ತದೆ. ಸಕಲೇಶಪುರ ಇರುದು 900 ಮೀಟರ್ ಎತ್ತರದಲ್ಲಿ, ನಾಲ್ಕು ಜನ ಕೂತ ಗಾಡಿಯನ್ನು ಅಷ್ಟು ಮೇಲೆ ಎತ್ಲಿಕ್ಕೇ ಒಂದು ಲೀಟರ್ ಮೇಲೆ ಪೆಟ್ರೋಲ್ ಬೇಕು, ಅದು ಯಾವ ಕಂಪನಿ ಗಾಡಿ ಆದ್ರೂ ಬೇಕು. ಘಾಟಿ ಇಳಿಯುವಾಗ ತುಂಬಾ ಜನ ನ್ಯೂಟ್ರಲ್ ಹಾಕ್ತಾರೆ ಮಾರಾಯ್ರೆ, ಪೆಟ್ರೋಲ್ ಉಳೀತದೆ ಅಂತ. ಉಳಿಯುದಿಲ್ಲ! ಗೇರಲ್ಲಿಟ್ಟು ಎಕ್ಸಿಲೇಟರಿಂದ ಕಾಲು ತೆಗೆದ್ರೆ ಇಂಜೆಕ್ಟರ್ ಪೆಟ್ರೋಲ್ ಪೂರ್ತಿ ನಿಲ್ಲಿಸ್ತದೆ, ನ್ಯೂಟ್ರಲಲ್ಲಿ ಇಂಜಿನ್ ನಡೀಲಿಕ್ಕೆ ಪೆಟ್ರೋಲ್ ಹೋಗ್ತಾ ಇರ್ತದೆ. ಮೇಲಿಂದ ಬ್ರೇಕ್ ಕಾದು ಹಿಡಿಯದೇ ಹೋದ್ರೆ ಜೀವಕ್ಕೇ ಅಪಾಯ, ಆ ತಿರುವುಗಳಲ್ಲಿ ಎದುರಿಗೆ ಟ್ಯಾಂಕರ್ ಬರ್ತದೆ. ದಯಮಾಡಿ ಯಾರೂ ಹಾಗೆ ಮಾಡ್ಬೇಡಿ.

ಕಲ್ಪತರುನಾಡು:
ಮೂರೂ ಜನಕ್ಕೂ ತುಂಬಾ ಥ್ಯಾಂಕ್ಸ್. ಮೂರು ವಾರ ಕೂತು ಲೆಕ್ಕ ಹಾಕಿ ಬರೀತಿದೀನಿ. 11.8 ನಾನು ನೋಡ್ತಿದ್ದಿದ್ದು ಡಿಸ್‌ಪ್ಲೇನಲ್ಲೇ. ಗಾಳಿ ಚೆಕ್ ಮಾಡ್ಸಿದ್ರೆ ಸ್ಟಿಕರಲ್ಲಿ 33 ಇದೆ, ಮುಂದಿನ ಎರಡು ಟಯರಲ್ಲಿ 26 ಇತ್ತು, ಸರ್ವೀಸ್ ಆಗಿ ಎರಡೂವರೆ ತಿಂಗಳಾಗಿತ್ತು, ಆಮೇಲೆ ನೋಡೇ ಇರ್ಲಿಲ್ಲ. ಗಾಲಿ ನಾಲ್ಕೂ ಸಮ ಬಿಸಿ ಇವೆ, ಬ್ರೇಕ್ ತೊಂದ್ರೆ ಇಲ್ಲ.

ಗಾಳಿ ಸರಿ ಮಾಡ್ಸಿ ಸ್ಟಾರ್ಟ್ ಸ್ಟಾಪ್ ಆನ್ ಇಟ್ಟು ಮಾಮೂಲಿ ಟೈಮಿಗೇ ಆಫೀಸಿಗೆ ಓಡಿಸಿದ್ದು, 402 ಕಿಮೀ, ಹಿಡಿದಿದ್ದು 31.6 ಲೀಟರ್, 12.7 ಬಂತು. ಆಮೇಲೆ ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟು ತುಮಕೂರು ರೋಡಲ್ಲಿ ಊರಿಗೆ ಹೋಗಿ ರಾತ್ರಿ ವಾಪಸ್ ಬಂದೆ, 80 ದಾಟಿಸ್ಲಿಲ್ಲ, ಎಸಿ ಅರ್ಧ ದಾರಿ ಆನ್, 286 ಕಿಮೀಗೆ 13.4 ಲೀಟರ್, 21.3! ಅದೇ ಗಾಡಿ, ಅದೇ ಬಂಕಿನ ಪೆಟ್ರೋಲ್. ಬಿಲ್ ಅಪ್ಪನಿಗೆ ವಾಟ್ಸಾಪ್ ಮಾಡ್ದೆ, ಅವರೂ ಕೂತು ಭಾಗಾಕಾರ ಮಾಡಿ ನೋಡಿ ಹೂಂ ಸರಿ ಇದೆ ಅಂದ್ರು, ಗಾಡಿ ಮೇಲೆ ಅವರಿಗಿದ್ದ ಅನುಮಾನ ಹೋಯ್ತು, ನನಗೆ ಅದೇ ದೊಡ್ಡ ಸಮಾಧಾನ.

ಕೊನೇ ಒಂದಷ್ಟು ದಿನ ಏಳು ಗಂಟೆಗೇ ಮನೆ ಬಿಟ್ಟು ಸಾಯಂಕಾಲ ನಾಲ್ಕಕ್ಕೇ ಆಫೀಸಿಂದ ಹೊರಟೆ, ಒಂದ್ಕಡೆಗೆ 55 ನಿಮಿಷ ಸಾಕಾಯ್ತು, 318 ಕಿಮೀಗೆ 20.9 ಲೀಟರ್, 15.2. ಫುಲ್‌ಟ್ಯಾಂಕ್ ಅವರು ಗಂಟೆ ಲೆಕ್ಕ ಅಂದಿದ್ದು ಪೂರ್ತಿ ನಿಜ. ಮ್ಯಾನೇಜರ್ ಹತ್ರ ಮಾತಾಡಿದೀನಿ, ಮುಂದಿನ ತಿಂಗಳೂ ಇದೇ ಟೈಮ್ ಮಾಡ್ಕೊಳ್ಳಿ ಅಂದಿದಾರೆ.

ಫುಲ್‌ಟ್ಯಾಂಕ್:
ಒಳ್ಳೇದಾಯ್ತು. ಊರಿಗೆ ಹೋಗುವಾಗ 80 ದಾಟಿಸ್ಲಿಲ್ಲ ಅಂದ್ರಲ್ಲ, 21 ಬರೋಕೆ ಅದು ಮುಖ್ಯ ಕಾರಣ. 100ರಲ್ಲಿ ಹೋದ್ರೆ ಗಾಳಿ ತಡೆಯೋ ಬಲ 80ಕ್ಕಿಂತ ಒಂದೂವರೆ ಪಟ್ಟು ಆಗುತ್ತೆ. ನನ್ನ ಗಾಡಿಲಿ ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100 ಹಿಡಿದ್ರೆ 17, 80ರಲ್ಲಿ ಹೋದ್ರೆ 20. ಟಯರ್ ಗಾಳಿ ಮಾತ್ರ ಹದಿನೈದು ದಿನಕ್ಕೊಂದ್ಸಲ ನೋಡಿಸ್ತಿರಿ.