ಮೂರು ಎಂಆರ್‌ಐ ನಾರ್ಮಲ್, ತಲೆನೋವು ತಿಂಗಳಿಗೆ 20 ದಿನ: ನಾಲ್ಕನೆಯದು ಬೇಕೇ?

ಪ್ರಶ್ನೆ

ನನಗೆ 38 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಎಡಗಣ್ಣಿನ ಹಿಂದೆ ಶುರುವಾಗಿ ಕತ್ತಿನವರೆಗೆ ಇಳಿಯುವ ಅರೆತಲೆನೋವು (ಮೈಗ್ರೇನ್) ಹದಿನಾಲ್ಕು ವರ್ಷದಿಂದ ಇದೆ. ಒಂದು ವರ್ಷದಿಂದ ತಿಂಗಳಿಗೆ ಇಪ್ಪತ್ತು ದಿನ ನೋವು. ಮೂರು ಸಲ ಎಂಆರ್‌ಐ ಆಯಿತು. ಪ್ರತಿ ಸಲವೂ ವರದಿ ಒಂದೇ: ಚಿಂತಿಸುವಂಥದ್ದು ಏನೂ ಇಲ್ಲ, ಅಲ್ಲಲ್ಲಿ ಸಣ್ಣ ಬಿಳಿ ಚುಕ್ಕೆಗಳಿವೆ. ಐದು ವಾರದಿಂದ, ನೋವು ಬಾರದಂತೆ ತಡೆಯಲು ಕೊಡುವ ಟೋಪಿರಮೇಟ್ ತೆಗೆದುಕೊಳ್ಳುತ್ತಿದ್ದೇನೆ. ಸೀಮೆಸುಣ್ಣ ಹಿಡಿದರೆ ಬೆರಳ ತುದಿ ಜುಮ್ಮೆನ್ನುತ್ತದೆ, ನೋವು ಮಾತ್ರ ಕದಲಿಲ್ಲ. ಔಷಧ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮತ್ತೊಂದು ಸ್ಕ್ಯಾನ್ ಮಾಡಿಸಲೇ? ‘ಸ್ಕ್ಯಾನ್‌ನಲ್ಲೇ ಏನೂ ಇಲ್ಲವಲ್ಲ’ ಎಂಬ ಮಾತನ್ನು ಮನೆಯಲ್ಲಿ ಕೇಳಿ ಕೇಳಿ ಸೋತಿದ್ದೇನೆ.

ಉತ್ತರ 1

ಮೇಡಂ, ನಾನು ವೈದ್ಯನಲ್ಲ, ಹನ್ನೊಂದು ವರ್ಷದಿಂದ ಎಂಆರ್‌ಐ ತಂತ್ರಜ್ಞ. ಆಸ್ಪತ್ರೆಗಳಲ್ಲಿ ಮಾಡುವ ಎಂಆರ್‌ಐ ಮಿದುಳಿನ ರಚನೆಯನ್ನು ತೋರಿಸುತ್ತದೆ. ಗಡ್ಡೆ, ರಕ್ತಸ್ರಾವ ಇದ್ದರೆ ಕಾಣುತ್ತದೆ. ಮೈಗ್ರೇನ್ ನರಕೋಶಗಳು ವರ್ತಿಸುವ ರೀತಿಯಲ್ಲಿನ ತೊಂದರೆ. ಆದ್ದರಿಂದ ನಿಮ್ಮ ವರದಿ ನಾರ್ಮಲ್ ಎಂದರೆ ನೋವಿಗೆ ಬೇರೆ ಅಪಾಯಕಾರಿ ಕಾರಣ ಕಾಣಲಿಲ್ಲ ಎಂದಷ್ಟೇ. ನೋವು ಸುಳ್ಳು ಎಂದಲ್ಲ. ಆ ಬಿಳಿ ಚುಕ್ಕೆಗಳು ಮೈಗ್ರೇನ್ ಇರುವವರಲ್ಲಿ ಹೆಚ್ಚಾಗಿ ಕಾಣುತ್ತವೆ, ವಯಸ್ಸು ಮತ್ತು ರಕ್ತದೊತ್ತಡದಿಂದಲೂ ಬರುತ್ತವೆ. ಅವನ್ನು ಎಣಿಸಿ ಔಷಧ ಫಲಿಸಿತೇ ಎಂದು ಹೇಳಲಾಗದು.

ಹಾಗೆಂದು ಈ ನೋವು ಯಾವ ಯಂತ್ರಕ್ಕೂ ಸಿಕ್ಕಿಲ್ಲವೆಂದಲ್ಲ. 1995ರಲ್ಲಿ ಜರ್ಮನಿಯಲ್ಲಿ ಒಂಬತ್ತು ರೋಗಿಗಳಿಗೆ ನೋವು ಕಾಡುತ್ತಿರುವಾಗಲೇ, ಮಿದುಳಿನ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರು. ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಮಿದುಳಕಾಂಡದಲ್ಲಿ ರಕ್ತದ ಹರಿವು ಏರಿತ್ತು. ಸುಮಾಟ್ರಿಪ್ಟಾನ್ ಎಂಬ ಮೈಗ್ರೇನ್ ಔಷಧ ಚುಚ್ಚಿ ನೋವು ಇಳಿದ ಮೇಲೂ ಅಲ್ಲಿನ ಚಟುವಟಿಕೆ ಇಳಿಯಲಿಲ್ಲ. 2016ರಲ್ಲಿ ಪ್ರಕಟವಾದ ಹ್ಯಾಂಬರ್ಗ್‌ನ ಅಧ್ಯಯನದಲ್ಲಿ ಒಬ್ಬರೇ ರೋಗಿಯನ್ನು 30 ದಿನ, ದಿನವೂ ಸ್ಕ್ಯಾನ್ ಮಾಡಿದರು. ಮೂಗಿಗೆ ಅಮೋನಿಯದ ಘಾಟು ಬಿಟ್ಟು ಮಿದುಳು ಅದಕ್ಕೆ ಹೇಗೆ ಸ್ಪಂದಿಸುತ್ತದೆಂದು ನೋಡಿದರು. ತಲೆನೋವು ಬರುವ ಹಿಂದಿನ ದಿನವೇ ಹೈಪೋಥಲಾಮಸ್ ಹೆಚ್ಚು ಚುರುಕಾಗಿತ್ತು. ನಿದ್ದೆ, ಹಸಿವುಗಳನ್ನು ನಿಯಂತ್ರಿಸುವ ಭಾಗ ಅದು. ನೋವಿಗೆ ಮುಂಚೆ ನಿಮಗೆ ಆಕಳಿಕೆ ಬರುತ್ತದೆಯೇ, ಸಿಹಿ ತಿನ್ನಬೇಕೆನಿಸುತ್ತದೆಯೇ? ದಯವಿಟ್ಟು ಮನೆಯವರಿಗೆ ಇದನ್ನು ಓದಿ ಹೇಳಿ.

ಆದರೆ ಇವೆಲ್ಲ ಸಂಶೋಧನೆಯ ಸ್ಕ್ಯಾನ್‌ಗಳು. ದುಡ್ಡು ಕೊಟ್ಟು ನಾಲ್ಕನೆಯದನ್ನು ಮಾಡಿಸಿದರೂ ಟೋಪಿರಮೇಟ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒಂದು ಮಾತು ಕೇಳುತ್ತೇನೆ: ತಿಂಗಳಲ್ಲಿ ಎಷ್ಟು ದಿನ ನೋವಿನ ಮಾತ್ರೆ ನುಂಗುತ್ತೀರಿ?

ಪ್ರಶ್ನೆ ಕೇಳಿದವರು

ಲೆಕ್ಕ ಇಟ್ಟಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಒಂದು ತಿಂಗಳು ಕೆಂಪು ಪೆನ್ನಿನಿಂದ ಗುರುತು ಹಾಕಿದೆ. ನೋವು 21 ದಿನ, ಮಾತ್ರೆ 17 ದಿನ. ಪ್ಯಾರಾಸಿಟಮಾಲ್ ಮತ್ತು ಕೆಫೀನ್ ಸೇರಿದ ಮಾತ್ರೆ. ಹೀಗೆ ವರ್ಷದಿಂದ ನಡೆದಿದೆ. ಆಕಳಿಕೆಯ ಮಾತು ನೂರಕ್ಕೆ ನೂರು ನಿಜ.

ಉತ್ತರ 2

ನಾನು ನರರೋಗ ವಿಭಾಗದ ವೈದ್ಯೆ. ನಿಮ್ಮ ತೊಂದರೆಯ ದೊಡ್ಡ ಪಾಲು ಆ 17ರಲ್ಲಿ ಇರಬಹುದಮ್ಮ. ಇಂತಹ ಮಿಶ್ರಣದ ಮಾತ್ರೆಯನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಮಾತ್ರೆಯೇ ತಲೆನೋವನ್ನು ಬೆಳೆಸಬಹುದು. ಇಂಥವರ ನಡುಮಿದುಳಿನ ಬೂದು ಭಾಗ ಹಿಗ್ಗಿರುವುದನ್ನೂ, ಮಾತ್ರೆ ಬಿಟ್ಟು ಗುಣ ಕಂಡವರಲ್ಲಿ ಅದು ಮತ್ತೆ ತಗ್ಗಿದ್ದನ್ನೂ ಸಂಶೋಧಕರು ಎಂಆರ್‌ಐಯಲ್ಲಿ ಅಳೆದಿದ್ದಾರೆ.

ನಿಮ್ಮ ವೈದ್ಯರಿಗೆ ಈ ಲೆಕ್ಕ ತೋರಿಸಿ, ಅವರ ಸಲಹೆಯಂತೆಯೇ ಮಾತ್ರೆ ಬಿಡಿ. ಬಿಟ್ಟ ಮೊದಲ ವಾರ, ಹತ್ತು ದಿನ ನೋವು ಕೆರಳುತ್ತದೆ. ರಜೆ ಇರುವಾಗ ಆರಂಭಿಸಿ. ಟೋಪಿರಮೇಟ್‌ಗೆ ಐದು ವಾರ ಸಾಲದು, ಸರಿಯಾದ ಪ್ರಮಾಣ ತಲುಪಿ ಎರಡು ತಿಂಗಳಾದರೂ ಆಗಬೇಕು. ಜುಮ್ಮೆನ್ನುವುದು ಅದರ ಪರಿಚಿತ ಅಡ್ಡಪರಿಣಾಮ. ಗರ್ಭ ಧರಿಸುವ ಯೋಚನೆ ಇದ್ದರೆ ಈ ಔಷಧ ಬೇಡ, ಮೊದಲೇ ಹೇಳಿಬಿಡಿ. ಸಿಡಿಲು ಬಡಿದಂತೆ ಹಠಾತ್ತನೆ ನೋವು ಬಂದರೆ, ಕೈಕಾಲು ಸೋತರೆ, ಜ್ವರದ ಜೊತೆ ಕತ್ತು ಬಿಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆಗ ಸ್ಕ್ಯಾನ್ ಬೇಕೇ ಬೇಕು.

ಪ್ರಶ್ನೆ ಕೇಳಿದವರು, ನಾಲ್ಕು ತಿಂಗಳ ಬಳಿಕ

ದಸರಾ ರಜೆಯಲ್ಲಿ ಮಾತ್ರೆ ಬಿಟ್ಟೆ. ಮೊದಲ ಆರು ದಿನ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲಲ್ಲಿ ಮಲಗಿದ್ದೆ. ಕಳೆದ ತಿಂಗಳು ನೋವು 9 ದಿನ, ಮಾತ್ರೆ 4 ದಿನ. ಸ್ಕ್ಯಾನ್ ಮಾಡಿಸಲಿಲ್ಲ. ಈಗ ಕೆಂಪು ಗುರುತು ಹಾಕುವವರು ಅತ್ತೆ. ಬೆಳಿಗ್ಗೆ ಹಾಲು ಬಂದಾಗ ‘ಇವತ್ತು ಹೇಗಿದೆ?’ ಎಂದು ಕೇಳಿಯೇ ಪೆನ್ನು ಎತ್ತುತ್ತಾರೆ.